ಹೆಸರು ಹೇಳುವ ಋಣ
(ಬಾನುಲಿ ಭಾಷಣ)



ಉನ್ನತ ವಿದ್ಯಾಭ್ಯಾಸದ ಕ್ಷೇತ್ರದಲ್ಲಿ ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತಿರುವ ಮಾತು ಕೃತಿಚೌರ್ಯ. ಒಬ್ಬರು ಬರೆದುದನ್ನು ಅಥವಾ ಚಿಂತಿಸಿ ಕಂಡುಕೊಂಡುದನ್ನು ಅವರ ಹೆಸರು ಹೇಳದೆ ತನ್ನದೆಂಬಂತೆ ಒಪ್ಪಿಸುವುದಕ್ಕೆ ಈ ಹೆಸರು. ನಾನು ಹಾಸನ ಜಿಲ್ಲೆಯ ಕಾಲೇಜುಗಳಲ್ಲಿ ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈಗಲೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಸಂಶೋಧನ ವಿದ್ಯಾರ್ಥಿಗಳು ಕೆಲವರು ತಮ್ಮ ಪ್ರಬಂಧಗಳ ಕರಡನ್ನು ಹಿಡಿದುಕೊಂಡು ನನ್ನಲ್ಲಿಗೆ ಬರುವುದುಂಟು. ಅವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ, "ಸಾರ್, ಶೇಕಡ ಎಷ್ಟರವರೆಗೆ ಇರಬಹುದು?" ಎಂಬುದು. ಎಷ್ಟರವರೆಗೆ ನಕಲು ಇದ್ದರೆ ಸಿಕ್ಕಿಬೀಳುವುದಿಲ್ಲ ಎಂಬುದು ಅದರ ಅರ್ಥ. ಈ ಪ್ರಶ್ನೆಯನ್ನು ಕೇಳುವವರು ಕೆಟ್ಟವರಲ್ಲ. ಆದರೆ ಪ್ರಶ್ನೆಯೇ ತಪ್ಪಾದುದು. ಹೇಗೆ ತಪ್ಪು, ಸರಿಯಾದ ಪ್ರಶ್ನೆ ಯಾವುದು ಎಂಬುದನ್ನು ಇಂದು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ನಿಯಮವನ್ನು ನೋಡೋಣ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಕೃತಿಚೌರ್ಯವನ್ನು ತಡೆಯುವುದಕ್ಕಾಗಿ ನಿಯಮಾವಳಿಯೊಂದನ್ನು ಹೊರಡಿಸಿತು. ಅದರ ಪ್ರಕಾರ ಪ್ರಬಂಧವೊಂದು ಇತರ ಬರಹಗಳೊಡನೆ ಶೇಕಡ ೧೦ರವರೆಗೆ ಹೋಲಿದರೆ ದಂಡನೆಯಿಲ್ಲ. ೧೦ರಿಂದ ೪೦ರವರೆಗೆ ಹೋಲಿದರೆ ಆರು ತಿಂಗಳಿಗೆ ಮೀರದ ಗಡುವಿನೊಳಗೆ ತಿದ್ದಿ ಸಲ್ಲಿಸಬೇಕು. ೪೦ರಿಂದ ೬೦ರವರೆಗಾದರೆ ತಿದ್ದಿದ ಪ್ರತಿಯನ್ನು ಸಲ್ಲಿಸುವುದಕ್ಕೂ ಒಂದು ವರ್ಷ ನಿರ್ಬಂಧ. ೬೦ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಈ ಅಂಕಿಗಳನ್ನು ನಮ್ಮ ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ಆದರೆ ಅದೇ ನಿಯಮಾವಳಿಯ ಇನ್ನೊಂದು ಮಾತನ್ನು ಗಮನಿಸಿದವರು ವಿರಳ. ಆಕರವನ್ನು ಸರಿಯಾಗಿ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಗ್ರಂಥಋಣದ ಪಟ್ಟಿಯನ್ನೂ ಹಿಡಿಯತಕ್ಕದ್ದಲ್ಲ. ಸರ್ವಸಾಮಾನ್ಯವಾದ ಅಥವಾ ಆಕಸ್ಮಿಕವಾಗಿ ಹೊಂದಿಕೊಂಡ ಮಾತುಗಳು ಒಟ್ಟಿಗೆ ೧೪ ಪದಗಳವರೆಗೆ ಬಂದರೆ ಅದನ್ನೂ ಎಣಿಸುವುದಿಲ್ಲ. ಎಂದಮೇಲೆ ಆ ಶೇಕಡ ಹತ್ತು ನಕಲು ಮಾಡುವುದಕ್ಕೆ ಕೊಟ್ಟ ಪರವಾನಗಿಯಲ್ಲ. ಯಂತ್ರದ ಎಣಿಕೆಯಲ್ಲಿ ಹೆಚ್ಚುಕಡಮೆ ಆಗಬಹುದೆಂದು ಬಿಟ್ಟ ಅಂಚು ಮಾತ್ರ. ಹೆಸರು ಹೇಳಿ ತೆಗೆದುಕೊಂಡವನಿಗೆ ಶೇಕಡದ ಭಯವೇ ಬೇಕಿಲ್ಲ.

ಅಲ್ಲದೆ ಎಣಿಸುವ ಯಂತ್ರಕ್ಕೂ ಕಣ್ಣು ಕಾಣದ ಕಡೆಗಳಿವೆ. ಕನ್ನಡದ ಮಟ್ಟಿಗೆ ಇದು ಮುಖ್ಯವಾದ ಮಾತು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಬರಹ ನಮ್ಮ ಕಣ್ಣಿಗೆ ಕನ್ನಡವಾದರೂ ಗಣಕಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಅದರಲ್ಲಿರುವುದನ್ನು ಹೊಸ ಅಕ್ಷರಕ್ಕೆ ಬದಲಾಯಿಸಿ ತಂದರೆ ಹೋಲಿಕೆ ಸುಲಭವಾಗಿ ಸಿಕ್ಕುವುದಿಲ್ಲ. ಗಣಕಕ್ಕೆ ಏರದೆ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದಿರುವ ಪುಸ್ತಕಗಳಿಂದ ಎತ್ತಿಕೊಂಡರಂತೂ ಸಿಕ್ಕುವಂತೆಯೇ ಇಲ್ಲ. ಇಂಗ್ಲಿಷಿನ ಅಧ್ಯಾಯವನ್ನು ಕನ್ನಡಕ್ಕೆ ಅನುವಾದಿಸಿ ತನ್ನದೆಂದು ಕೊಟ್ಟರೂ ಅದೇ ಕಥೆ. ಯಂತ್ರಕ್ಕೆ ಸಿಕ್ಕದಿರುವುದೆಲ್ಲ ನ್ಯಾಯವಾದರೆ, ಕತ್ತಲಲ್ಲಿ ಮಾಡಿದ ಕಳವು ಕಳವಲ್ಲ ಎಂದಂತಾಗುತ್ತದೆ. ಅನುವಾದಿಸಿದವನ ಸ್ವಂತದ್ದು ಕನ್ನಡದ ವಾಕ್ಯ ಮಾತ್ರ. ವಾದ, ಅದರ ಕ್ರಮ, ಅದಕ್ಕೆ ಒದಗಿಸಿದ ಆಧಾರ ಎಲ್ಲವೂ ಮೂಲ ಲೇಖಕನ ದುಡಿಮೆ. "ಈ ಭಾಗವು ಇಂಥವರ ಇಂಥ ಗ್ರಂಥದ ಅನುವಾದ" ಎಂದು ಒಂದು ಸಾಲು ಬರೆದಿದ್ದರೆ ಕನ್ನಡಕ್ಕೆ ಉಪಕಾರವೇ ಆಗುತ್ತಿತ್ತು. ಆ ಒಂದು ಸಾಲಿನ ಕೊರತೆಯಿಂದ ಉಪಕಾರ ಅಪಹಾರವಾಗುತ್ತದೆ.

ಇದು ಪಾಶ್ಚಾತ್ಯರಿಂದ ಬಂದ ಕಟ್ಟಳೆ, ನಮ್ಮ ಪರಂಪರೆಯಲ್ಲಿ ಎಲ್ಲವೂ ಎಲ್ಲರದಾಗಿತ್ತು ಎಂದು ವಾದಿಸುವವರಿದ್ದಾರೆ. ನಮ್ಮ ಆಲಂಕಾರಿಕರನ್ನು ಓದಿದವರು ಹಾಗೆ ಹೇಳಲಾರರು. ಒಬ್ಬ ಕವಿಯ ಮಾತು ಇನ್ನೊಬ್ಬನನ್ನು ಹೋಲುವ ಬಗೆಗಳನ್ನು ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿಯೇ ವಿವೇಚಿಸಿದ್ದಾನೆ. ಕನ್ನಡಿಯೊಳಗಿನ ಬಿಂಬದಂತಹ ಹೋಲಿಕೆ ಮೊದಲನೆಯದು, ಚಿತ್ರದಂತಹುದು ಎರಡನೆಯದು, ಬೇರೆ ಬೇರೆ ಜೀವವುಳ್ಳ ಇಬ್ಬರು ಮನುಷ್ಯರು ಒಬ್ಬರನ್ನೊಬ್ಬರು ಹೋಲುವಂತಹುದು ಮೂರನೆಯದು. ಮೊದಲೆರಡು ಕವಿಗೆ ತ್ಯಾಜ್ಯ, ಮೂರನೆಯದು ಗ್ರಾಹ್ಯ ಎಂಬುದು ಅವನ ನಿರ್ಣಯ. ಅವನ ತರುವಾಯ ಬಂದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಹರಣ ಎಂಬ ವಿಷಯಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟು, ಒಂದು ಪದವನ್ನು ಎತ್ತುವುದು, ಒಂದು ಪಾದವನ್ನು ಎತ್ತುವುದು, ಅರ್ಧ ಪದ್ಯವನ್ನು, ಇಡೀ ಪದ್ಯವನ್ನು, ಕೊನೆಗೆ ಇಡೀ ಪ್ರಬಂಧವನ್ನೇ ಎತ್ತುವುದು ಎಂದು ಶಬ್ದಹರಣವನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾನೆ. ಶೇಕಡ ೧೦, ೪೦, ೬೦ ಎಂಬ ಇಂದಿನ ಮೆಟ್ಟಿಲುಗಳನ್ನು ಕಂಡಾಗ ನನಗೆ ರಾಜಶೇಖರನ ನೆನಪಾಗುತ್ತದೆ. ಸಾವಿರದ ನೂರು ವರ್ಷಗಳ ಹಿಂದೆಯೇ ನಮ್ಮವರು ಈ ಲೆಕ್ಕವನ್ನು ಹಾಕಿದ್ದರು.

ಕನ್ನಡ ಕವಿಗಳಾದರೋ ಪೂರ್ವಕವಿಸ್ಮರಣೆ ಎಂಬ ಸಂಪ್ರದಾಯವನ್ನೇ ಬೆಳೆಸಿದರು. ತನಗಿಂತ ಹಿಂದಿನವರನ್ನು ಹೆಸರಿಸಿ, ನಮಸ್ಕರಿಸಿ, ಆಮೇಲೆ ಕಥೆಗೆ ತೊಡಗುವುದು ಪದ್ಧತಿ. ಇದನ್ನು ನಾವು ವಿನಯದ ಔಪಚಾರಿಕತೆ ಎಂದು ತಿಳಿದು ಪರೀಕ್ಷೆಗೆ ಟಿಪ್ಪಣಿ ಬರೆದು ಮುಗಿಸುತ್ತೇವೆ. ಅದರ ನಿಜವಾದ ಬೆಲೆ ತಿಳಿಯುವುದು ಕೃತಿಗಳು ಅಳಿದುಹೋದಾಗ. 'ಕವಿರಾಜಮಾರ್ಗ'ವು ವಿಮಳ, ಉದಯ, ನಾಗಾರ್ಜುನ, ಜಯಬಂಧು ಮುಂತಾದ ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಬರಹ ಒಂದೂ ನಮಗೆ ದೊರೆತಿಲ್ಲ. ಒಂಬತ್ತನೆಯ ಶತಮಾನಕ್ಕೆ ಮೊದಲೇ ಕನ್ನಡದಲ್ಲಿ ಗದ್ಯವಿತ್ತು ಎಂದು ನಾವು ಇಂದು ಧೈರ್ಯವಾಗಿ ಹೇಳುವುದಕ್ಕೆ ಆ ಗ್ರಂಥಕರ್ತನು ಬರೆದಿಟ್ಟ ಹೆಸರುಗಳು ದೊಡ್ಡ ಆಧಾರ.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಗೇ ಸಂಬಂಧಿಸಿದುದು. ಕೇಶಿರಾಜನು ಸುಮಾರು ೧೨೬೦ರಲ್ಲಿ 'ಶಬ್ದಮಣಿದರ್ಪಣ'ವೆಂಬ ವ್ಯಾಕರಣವನ್ನು ಬರೆದನು. ತನ್ನ ಸೂತ್ರಗಳಿಗೆ ಲಕ್ಷ್ಯವಾಗಿ ಯಾವ ಕವಿಗಳ ಪ್ರಯೋಗವನ್ನು ಅವಲಂಬಿಸಿದ್ದೇನೆ ಎಂಬುದನ್ನು ಅವನು ಆರಂಭದಲ್ಲಿ ತಿಳಿಸುತ್ತಾನೆ. ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ ಎಂಬವರ ಹೆಸರು ಅಲ್ಲಿವೆ. ಇವರಲ್ಲಿ ಕೊನೆಯ ಸುಜನೋತ್ತಂಸನು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸುಮಾರು ೧೧೮೦ರ ಗೊಮ್ಮಟಸ್ತುತಿಯ ಶಾಸನವನ್ನು ರಚಿಸಿದ ಬೊಪ್ಪಣ ಪಂಡಿತನೆಂದು ವಿದ್ವಾಂಸರು ಗುರುತಿಸುತ್ತಾರೆ. ಬೊಪ್ಪಣನು ಶಾಸನದಲ್ಲಿ ತನ್ನ ಹೆಸರನ್ನು ಹೇಳಿಕೊಂಡಿದ್ದಾನೆ. ಕೇಶಿರಾಜನು ಅವನನ್ನು ಪಂಪ ಪೊನ್ನರ ಪಂಕ್ತಿಯಲ್ಲಿ ಕೂರಿಸಿದ್ದಾನೆ. ಎರಡು ಕಡೆಯೂ ಹೆಸರು ಉಳಿದುದರಿಂದ ಬೆಟ್ಟದ ಮೇಲಿನ ಕಲ್ಲಿಗೂ ವ್ಯಾಕರಣದ ಓಲೆಗೂ ಸಂಬಂಧ ಕಲ್ಪಿಸುವುದು ಸಾಧ್ಯವಾಯಿತು.

ಆದರೆ ಇದೇ ಗ್ರಂಥದಲ್ಲಿ ನಮಗೆ ನಷ್ಟವಾದುದೂ ಉಂಟು. ಕೇಶಿರಾಜನು ಹೆಸರುಗಳನ್ನು ಒಂದೆಡೆ ಒಟ್ಟಾಗಿ ಹೇಳಿದನೇ ಹೊರತು, ಪ್ರಯೋಗಗಳನ್ನು ಕೊಡುವಾಗ ಇದು ಇಂಥವನದು ಎಂದು ಒಂದೊಂದಕ್ಕೂ ಸೂಚಿಸಲಿಲ್ಲ. ಅವನ ತಂದೆಯಾದ ಮಲ್ಲಿಕಾರ್ಜುನನು 'ಸೂಕ್ತಿಸುಧಾರ್ಣವ'ದಲ್ಲಿ ಹಿಂದಿನ ಕವಿಗಳ ಪದ್ಯಗಳನ್ನು ಅಷ್ಟಾದಶ ವರ್ಣನೆಗಳಿಗೆ ಅನುಗುಣವಾಗಿ ಸಂಗ್ರಹಿಸಿದನು. ಅಲ್ಲಿಯೂ ಪದ್ಯದ ಪಕ್ಕದಲ್ಲಿ ಕವಿಯ ಹೆಸರಿಲ್ಲ. ಗಜಗನ ಕೃತಿ ಇಂದು ಇಲ್ಲ. ಗುಣನಂದಿ, ಮನಸಿಜ, ಚಂದ್ರಭಟ್ಟರ ಕಾವ್ಯಗಳೂ ಇಲ್ಲ. ಅವರ ಪದ್ಯವೊಂದು ಈ ಎರಡು ಗ್ರಂಥಗಳ ಯಾವುದಾದರೂ ಪುಟದಲ್ಲಿ ನಮ್ಮ ಕಣ್ಣೆದುರಿಗೇ ಇರಬಹುದು. ಆದರೆ ಇದೇ ಅದು ಎಂದು ಬೆರಳಿಟ್ಟು ತೋರಿಸುವ ದಾರಿ ಮುಚ್ಚಿಹೋಗಿದೆ. ಇದಕ್ಕೆ ಪ್ರತಿಯಾಗಿ ಬಂಗಾಳದ ಶ್ರೀಧರದಾಸನು ೧೨೦೫ರಲ್ಲಿ ಸಂಕಲಿಸಿದ 'ಸದುಕ್ತಿಕರ್ಣಾಮೃತ'ವನ್ನು ನೋಡಿ. ಅಲ್ಲಿ ಪದ್ಯಗಳೊಡನೆ ಕವಿಗಳ ಹೆಸರನ್ನೂ ಕೊಟ್ಟಿರುವುದರಿಂದ, ಸ್ವತಂತ್ರ ಕೃತಿ ಉಳಿಯದ ಎಷ್ಟೋ ಸಂಸ್ಕೃತ ಕವಿಗಳು ಒಂದೊಂದು ಪದ್ಯದ ಬಲದಿಂದ ಇಂದಿಗೂ ಬದುಕಿದ್ದಾರೆ. ನಮ್ಮ ತಂದೆಮಕ್ಕಳನ್ನು ನಾನು ಕೃತಿಚೋರರೆಂದು ಹೇಳುತ್ತಿಲ್ಲ. ಅವರ ಕಾಲದ ಓದುಗರಿಗೆ ಆ ಪದ್ಯಗಳು ಪರಿಚಿತವಾಗಿದ್ದಿರಬೇಕು. ಇಂದು ಎಲ್ಲರಿಗೂ ಗೊತ್ತಿರುವುದು ನಾಳೆ ಯಾರಿಗೂ ಗೊತ್ತಿಲ್ಲದೆ ಹೋಗಬಹುದು ಎಂಬುದನ್ನು ಮಾತ್ರ ಈ ಉದಾಹರಣೆ ತೋರಿಸುತ್ತದೆ.

ಆಕರವನ್ನು ಹೇಳಬೇಕಾದುದು ದಂಡನೆಯ ಭಯದಿಂದಲ್ಲ. ನನ್ನ ನಂತರ ಬರುವವನು ನಾನು ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆದು ಮೂಲವನ್ನು ಮುಟ್ಟಬೇಕು, ನಾನು ತಪ್ಪಿದ್ದರೆ ತಿದ್ದಬೇಕು. ಅಡಿಟಿಪ್ಪಣಿ ಎಂಬುದು ಆ ದಾರಿ. ಆದುದರಿಂದ ವಿದ್ಯಾರ್ಥಿ ಕೇಳಿಕೊಳ್ಳಬೇಕಾದ ಪ್ರಶ್ನೆ 'ಎಷ್ಟು ಶೇಕಡ?' ಎಂಬುದಲ್ಲ, 'ಇದು ನನಗೆ ಎಲ್ಲಿಂದ ಬಂತು?' ಎಂಬುದು.

ಹಾಗಾದರೆ ಪ್ರತಿಯೊಂದು ವಾಕ್ಯಕ್ಕೂ ಅಡಿಟಿಪ್ಪಣಿ ಬೇಕೆ? ಬೇಡ. ಹೊಳೆನರಸೀಪುರವು ಹೇಮಾವತಿಯ ದಡದಲ್ಲಿದೆ ಎಂದು ಬರೆಯುವುದಕ್ಕೆ ಯಾರ ಸಾಕ್ಷ್ಯವೂ ಬೇಕಿಲ್ಲ. ರಾಮನಾಥಪುರ ಅರಕಲಗೂಡು ತಾಲ್ಲೂಕಿನಲ್ಲಿದೆ ಎಂಬುದಕ್ಕೂ ಬೇಕಿಲ್ಲ. ಯಾರು ಬೇಕಾದರೂ ಕಂಡು ಒಪ್ಪುವ, ಯಾರೂ ವಿವಾದ ಮಾಡದ ಸಂಗತಿಗಳು ಸಾಮಾನ್ಯ ತಿಳಿವಳಿಕೆಗೆ ಸೇರಿದವು. ಆದರೆ ಸಾಮಾನ್ಯ ತಿಳಿವಳಿಕೆಯಂತೆ ಕಾಣುವ ಎಲ್ಲವೂ ಹಾಗಿರುವುದಿಲ್ಲ. ಗೊಮ್ಮಟನ ಎತ್ತರವನ್ನೇ ತೆಗೆದುಕೊಳ್ಳಿ. ಅಷ್ಟು ದೊಡ್ಡ ವಿಗ್ರಹ. ಅಳೆದರೆ ಮುಗಿಯಿತು ಎನ್ನಿಸುತ್ತದೆ. ಆದರೆ ಬುಕಾನನ್ ಕೊಟ್ಟ ಲೆಕ್ಕ ೭೦ ಅಡಿ ೩ ಅಂಗುಲ. ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯ ಲೆಕ್ಕ ೬೦ ಅಡಿ ೩ ಅಂಗುಲ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಅಳೆಯಿಸಿದಾಗ ಬಂದುದು ೫೭ ಅಡಿ. ಯಾರ ಹೆಸರನ್ನೂ ಹೇಳದೆ '೭೦ ಅಡಿ' ಎಂದು ಬರೆದವನ ಪ್ರಬಂಧವನ್ನು ಓದಿದವನಿಗೆ, ಈ ಹದಿಮೂರು ಅಡಿ ಎಲ್ಲಿಂದ ಬೆಳೆಯಿತು ಎಂಬುದು ತಿಳಿಯುವ ಬಗೆ ಹೇಗೆ? ಅಂಕಿ ಇದ್ದಲ್ಲಿ ಅಳೆದವನ ಹೆಸರು ಇರಬೇಕು.

ಶಾಸನಗಳ ಸಂಖ್ಯೆಯ ವಿಷಯದಲ್ಲಿಯೂ ಹೀಗೆಯೇ. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಶ್ರವಣಬೆಳಗೊಳದ ೧೪೪ ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ೧೯೨೩ರ ಆವೃತ್ತಿಯಲ್ಲಿ ಅವು ೫೦೦ ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩ ಆದವು. ಶಾಸನಗಳ ಕ್ರಮಾಂಕವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಯಿತು. ಆಗಲೇ ಹೇಳಿದ ಬೊಪ್ಪಣನ ಶಾಸನ ಮೊದಲ ಆವೃತ್ತಿಯಲ್ಲಿ ೮೫ನೆಯದು, ಎರಡನೆಯದರಲ್ಲಿ ೨೩೪ನೆಯದು, ಮೂರನೆಯದರಲ್ಲಿ ಬೇರೊಂದು. ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಜಿಲ್ಲೆಯ ಐದನೆಯ ಸಂಪುಟ ೧೯೦೨ರಲ್ಲಿ ಹೊರಬಂದಾಗ ರೈಸ್ ಅವರು ಒಂದೊಂದು ತಾಲ್ಲೂಕಿಗೂ ಬೇರೆ ಬೇರೆಯಾಗಿ ಒಂದರಿಂದ ಅಂಕಿ ಕೊಟ್ಟರು. ಎಂದಮೇಲೆ ಅರಕಲಗೂಡಿಗೂ ಒಂದನೆಯ ಶಾಸನವುಂಟು, ಹೊಳೆನರಸೀಪುರಕ್ಕೂ ಉಂಟು, ಚನ್ನರಾಯಪಟ್ಟಣಕ್ಕೂ ಉಂಟು. 'ಹಾಸನ ಜಿಲ್ಲೆಯ ಶಾಸನ, ಸಂಖ್ಯೆ ೧' ಎಂದಷ್ಟೇ ಬರೆದವನು ಆಕರವನ್ನು ಹೇಳಿದಂತೆ ತೋರಿದರೂ ಹೇಳಿದಂತಾಗಲಿಲ್ಲ. ಊರಿನ ಹೆಸರಿಲ್ಲದೆ ಮನೆಯ ನಂಬರನ್ನು ಮಾತ್ರ ಕೊಟ್ಟಂತಾಯಿತು. ಸಂಪುಟ, ಆವೃತ್ತಿ, ತಾಲ್ಲೂಕು, ಸಂಖ್ಯೆ ನಾಲ್ಕೂ ಇರಬೇಕು. ಪುಸ್ತಕವಾದರೆ ಲೇಖಕ, ಗ್ರಂಥ, ಆವೃತ್ತಿ, ವರ್ಷ, ಪುಟ.

ಇನ್ನೊಬ್ಬರ ಮಾತುಗಳನ್ನು ಹಾಗೆಯೇ ತೆಗೆದುಕೊಂಡಾಗ ಉದ್ಧರಣ ಚಿಹ್ನೆಯೂ ಬೇಕು, ಆಕರವೂ ಬೇಕು. ಅವರ ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳಿದಾಗ ಚಿಹ್ನೆ ಬೇಡ, ಆದರೆ ಆಕರ ಬೇಕೇ ಬೇಕು. ಈ ಎರಡನೆಯದರಲ್ಲಿಯೇ ನಮ್ಮವರು ಹೆಚ್ಚಾಗಿ ಎಡವುವುದು. 'ಉಂಟು' ಎಂಬುದನ್ನು 'ಇದೆ' ಎಂದು ಮಾಡಿ, 'ಕಾವ್ಯ'ವನ್ನು 'ಕೃತಿ' ಎಂದು ಮಾಡಿ, ವಾಕ್ಯದ ಬಾಲವನ್ನು ತಲೆಯ ಕಡೆಗೆ ತಿರುಗಿಸಿದರೆ ಸ್ವಂತದ್ದಾಯಿತೆಂದು ಭಾವಿಸುತ್ತಾರೆ. ಅದು ಆನಂದವರ್ಧನನು ತ್ಯಾಜ್ಯವೆಂದ ಚಿತ್ರದಂತಹ ಹೋಲಿಕೆ. ಬಣ್ಣ ಬೇರೆ, ಆಕೃತಿ ಅದೇ. ಪುಸ್ತಕವನ್ನು ಮುಚ್ಚಿಟ್ಟು, ತಿಳಿದುದನ್ನು ಎದುರಿಗಿರುವ ಒಬ್ಬರಿಗೆ ಹೇಳುವಂತೆ ಬರೆದು, ಆಮೇಲೆ ಪುಸ್ತಕವನ್ನು ತೆರೆದು ಸರಿನೋಡಿ ಪುಟದ ಸಂಖ್ಯೆ ಹಾಕುವುದು ಇದಕ್ಕೆ ಒಳ್ಳೆಯ ಮದ್ದು.

ಕೆಲವರು ಗ್ರಂಥಸ್ವಾಮ್ಯವನ್ನೂ ಇದರೊಡನೆ ಬೆರೆಸಿ ಗೊಂದಲ ಮಾಡಿಕೊಳ್ಳುತ್ತಾರೆ. ನಮ್ಮ ದೇಶದ ೧೯೫೭ರ ಕಾಯಿದೆಯಂತೆ, ಲೇಖಕನ ಮರಣದ ನಂತರ ೬೦ ವರ್ಷಗಳವರೆಗೆ ಗ್ರಂಥಸ್ವಾಮ್ಯ ಉಳಿಯುತ್ತದೆ. ತಮ್ಮ ಹೆಸರಿನ ಮೊದಲಕ್ಷರದಲ್ಲಿ ಅರಕಲಗೂಡನ್ನು ಹೊತ್ತಿದ್ದ ಅ. ನ. ಕೃಷ್ಣರಾಯರು ೧೯೭೧ರಲ್ಲಿ ತೀರಿಕೊಂಡರು. ಅವರ ಕೃತಿಗಳ ಸ್ವಾಮ್ಯ ೨೦೩೧ರ ಕೊನೆಯವರೆಗೆ ಇರುತ್ತದೆ. ಆಮೇಲೆ ಯಾರು ಬೇಕಾದರೂ ಅಚ್ಚು ಹಾಕಬಹುದು. ಆದರೆ ೨೦೩೨ರಲ್ಲಿಯೂ ಅವರ ಮಾತನ್ನು ನನ್ನದೆಂದು ಹೇಳಿಕೊಳ್ಳುವ ಹಕ್ಕು ನನಗೆ ಬರುವುದಿಲ್ಲ. ಪಂಪನಿಗೆ ಗ್ರಂಥಸ್ವಾಮ್ಯವಿಲ್ಲ, ಹಾಗೆಂದು ಪಂಪನ ಪದ್ಯ ನನ್ನದಾಗುತ್ತದೆಯೆ? ಸ್ವಾಮ್ಯ ಕಾಯಿದೆಯ ಮಾತು, ಅದಕ್ಕೆ ಅವಧಿಯುಂಟು. ಋಣಕ್ಕೆ ಅವಧಿಯಿಲ್ಲ.

ಇನ್ನು, ನೋಡದ ಗ್ರಂಥವನ್ನು ನೋಡಿದಂತೆ ಬರೆಯುವ ಪದ್ಧತಿ. ಇದು ಕಳವಿಗಿಂತಲೂ ಸೂಕ್ಷ್ಮವಾದ ದೋಷ. ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನಕ್ಕಾಗಿ ನನ್ನಲ್ಲಿಗೆ ಬಂದ ಒಂದು ಮಹಾಪ್ರಬಂಧದಲ್ಲಿ ಶಾಸನವೊಂದರ ಇಸವಿಯ ಎರಡು ಅಂಕಿಗಳು ಹಿಂದುಮುಂದಾಗಿದ್ದವು. ಅಡಿಟಿಪ್ಪಣಿಯಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟವನ್ನು ಹೆಸರಿಸಲಾಗಿತ್ತು. ಸಂಪುಟವನ್ನು ತೆರೆದು ನೋಡಿದರೆ ಅಲ್ಲಿ ಇಸವಿ ಸರಿಯಾಗಿಯೇ ಇತ್ತು. ಹುಡುಕುತ್ತ ಹೋದಾಗ, ಬೇರೊಂದು ಅಚ್ಚಾದ ಪುಸ್ತಕದಲ್ಲಿ ಅದೇ ಮುದ್ರಣದೋಷ ಕಣ್ಣಿಗೆ ಬಿದ್ದಿತು. ಗ್ರಂಥಸಂಪಾದನೆಯನ್ನು ಓದಿದವರಿಗೆ ಈ ತರ್ಕ ಹೊಸದಲ್ಲ. ಎರಡು ಓಲೆಪ್ರತಿಗಳಲ್ಲಿ ಸರಿಯಾದ ಪಾಠ ಒಂದೇ ಆಗಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಎರಡರಲ್ಲಿಯೂ ಒಂದೇ ವಿಚಿತ್ರವಾದ ತಪ್ಪು ಇದ್ದರೆ ಅವು ಒಂದೇ ಮನೆತನದವು. ಮೌಖಿಕ ಪರೀಕ್ಷೆಯಲ್ಲಿ ಆ ಯುವಕನನ್ನು ಕೇಳಿದೆ: "ನೀವು ಓದಿದ್ದು ಆ ಪುಸ್ತಕವನ್ನಲ್ಲವೆ? ಅದರ ಹೆಸರನ್ನೇ ಏಕೆ ಬರೆಯಲಿಲ್ಲ?" ಆತ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟ: "ಮೂಲದ ಹೆಸರು ಹಾಕಿದರೆ ಹೆಚ್ಚು ಗೌರವವೆಂದುಕೊಂಡೆ ಸಾರ್." ಆ ತಪ್ಪು ಇಸವಿಯ ಮೇಲೆ ಒಂದು ಅಧ್ಯಾಯದ ವಾದವೇ ನಿಂತಿತ್ತು. ಅದನ್ನು ತೆಗೆದು ಹೊಸದಾಗಿ ಬರೆಯಬೇಕಾಯಿತು. ಮೂಲ ದೊರೆಯದಿದ್ದರೆ, ಇಂಥವರು ಉದ್ಧರಿಸಿದಂತೆ ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ಆ ಯುವಕನಿಗೆ ಕೊರತೆಯಾಗಿದ್ದುದು ಸತ್ಯವಲ್ಲ, ಶಿಕ್ಷಣ. ಟಿಪ್ಪಣಿ ಹೇಗೆ ಹಾಕಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಪುಸ್ತಕದಲ್ಲಿ ಹೆಸರಿರುವವರ ಮಾತಾಯಿತು. ಪುಸ್ತಕದಲ್ಲಿ ಹೆಸರೇ ಇಲ್ಲದವರ ವಿಷಯ ಇನ್ನೂ ಮುಖ್ಯವಾದುದು. ನಮ್ಮ ಜಿಲ್ಲೆಯ ಜನಪದ ಗೀತೆಗಳನ್ನು ಕುರಿತು ಪ್ರಬಂಧ ಬರೆಯುವವರು ಬಹಳ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರಂತಹ ಹಿರಿಯರು ಹಳ್ಳಿಯ ಹಾಡುಗಳನ್ನು ಸಂಗ್ರಹಿಸಿದ ನಾಡು ಇದು. ಒಮ್ಮೆ ವಿದ್ಯಾರ್ಥಿಗಳೊಡನೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ವಯಸ್ಸಾದ ತಾಯಿಯೊಬ್ಬರು ಸೋಬಾನೆ ಪದಗಳನ್ನು ಹೇಳಿದರು. ಪ್ರತಿಯೊಂದು ಪದಕ್ಕೂ ಮುಂಚೆ, "ಇದು ನಮ್ ಸೋದರತ್ತೆ ಹೇಳ್ಕೊಟ್ಟಿದ್ದು", "ಇದು ತವರೂರಿನ ಪದ" ಎಂದು ತಪ್ಪದೆ ಹೇಳುತ್ತಿದ್ದರು. ಕೊನೆಗೆ ಕೇಳಿದರು: "ಹೋದ್ ಸಲ ಬಂದೋರೂ ಬರ್ಕೊಂಡ್ ಹೋದ್ರು. ಬುಕ್ಕಾಗೈತಂತೆ. ಅದ್ರಾಗೆ ನಮ್ಮತ್ತೆ ಹೆಸ್ರು ಐತಾ?" ತನ್ನ ಹೆಸರನ್ನು ಅವರು ಕೇಳಲಿಲ್ಲ, ತನಗೆ ಕಲಿಸಿದವಳ ಹೆಸರನ್ನು ಕೇಳಿದರು. ಹಿಂದಿರುಗಿ ಬಂದು ಆ ಪುಸ್ತಕವನ್ನು ಹುಡುಕಿ ನೋಡಿದೆ. ಹಾಡುಗಳಿದ್ದವು. ಸಂಗ್ರಾಹಕರ ಹೆಸರು ದೊಡ್ಡ ಅಕ್ಷರದಲ್ಲಿ ಮುಖಪುಟದ ಮೇಲಿತ್ತು. ಹಾಡಿದವರ ಹೆಸರಾಗಲಿ ಊರಾಗಲಿ ಎಲ್ಲಿಯೂ ಇರಲಿಲ್ಲ.

ಅಕ್ಷರ ಬಾರದ ಆ ತಾಯಿಗೆ ಗೊತ್ತಿದ್ದ ಶಿಷ್ಟಾಚಾರ ಪದವಿ ಪಡೆದವರಿಗೆ ಗೊತ್ತಿರಲಿಲ್ಲ ಎಂದರೆ ಏನು ಹೇಳಬೇಕು? ಹಾಡಿದವರ ಹೆಸರು, ಊರು, ವಯಸ್ಸು, ಅವರು ಅದನ್ನು ಯಾರಿಂದ ಕಲಿತರು, ಯಾವ ದಿನ ಬರೆದುಕೊಂಡದ್ದು, ಹೆಸರನ್ನು ಅಚ್ಚು ಹಾಕಲು ಅವರ ಒಪ್ಪಿಗೆ ಉಂಟೆ, ಇಷ್ಟನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಬರೆದುಕೊಳ್ಳದವನು ಸಂಗ್ರಾಹಕನಲ್ಲ. ಬೇರೊಬ್ಬರು ಅಚ್ಚು ಹಾಕಿದ ಹಾಡುಗಳನ್ನು ತೆಗೆದು ತನ್ನ ಕ್ಷೇತ್ರಕಾರ್ಯದ ಫಲವೆಂದು ತೋರಿಸುವವನಂತೂ ಎರಡು ಸಲ ಕದ್ದವನು. ಒಂದು ಸಲ ಸಂಗ್ರಾಹಕನಿಂದ, ಇನ್ನೊಂದು ಸಲ ಹಾಡಿದವಳಿಂದ.

ಈಚಿನ ಒಂದು ಸಂಗತಿಯನ್ನು ಹೇಳದೆ ಈ ವಿಷಯ ಪೂರ್ಣವಾಗಲಾರದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಈಗ ಕೇಳಿದ ಕ್ಷಣದಲ್ಲಿ ಪ್ರಬಂಧವನ್ನೇ ಬರೆದುಕೊಡುತ್ತವೆ, ಕನ್ನಡದಲ್ಲಿಯೂ ಬರೆಯುತ್ತವೆ. ಅವುಗಳಿಂದ ನೆರವು ಪಡೆಯುವುದೇ ಪಾಪವೆಂದು ನಾನು ಹೇಳುವುದಿಲ್ಲ. ಆದರೆ ಅವು ಕೊಡುವ ಮಾತಿನ ಹಿಂದೆ ಯಾರ ದುಡಿಮೆ ಇದೆಯೆಂಬುದು ಅನೇಕ ವೇಳೆ ಕಾಣುವುದಿಲ್ಲ. ಆಕರ ಕೊಡಿರೆಂದರೆ ಇಲ್ಲದ ಗ್ರಂಥವನ್ನೂ ಇಲ್ಲದ ಪುಟವನ್ನೂ ನಂಬುವಂತೆ ಹೆಸರಿಸುವುದುಂಟು. ಯಂತ್ರ ತೋರಿಸಿದ ಆಕರವನ್ನು ಕಪಾಟಿನಿಂದ ತೆಗೆದು ಪುಟ ತಿರುವಿ ನೋಡದೆ ಬರೆಯಬಾರದು. ಯಂತ್ರದ ನೆರವು ಪಡೆದಿದ್ದರೆ ಪಡೆದೆನೆಂದು ಹೇಳಬೇಕು. 'ಇದು ನನಗೆ ಎಲ್ಲಿಂದ ಬಂತು?' ಎಂಬ ಪ್ರಶ್ನೆ ಇಲ್ಲಿಯೂ ಬದಲಾಗುವುದಿಲ್ಲ.

ಇದನ್ನು ರೂಢಿಸಿಕೊಳ್ಳುವುದು ಕಷ್ಟವಲ್ಲ. ಕಷ್ಟವಾಗುವುದು ಪ್ರಬಂಧ ಮುಗಿದ ಮೇಲೆ ಆಕರಗಳನ್ನು ಹುಡುಕಲು ಹೊರಟವರಿಗೆ. ಓದುವಾಗಲೇ ಒಂದೊಂದು ಟಿಪ್ಪಣಿಗೆ ಒಂದೊಂದು ಚೀಟಿ ಇಟ್ಟುಕೊಳ್ಳಿ. ಚೀಟಿಯ ತಲೆಯ ಮೇಲೆ ಮೊದಲು ಗ್ರಂಥದ ಹೆಸರು ಮತ್ತು ಪುಟ, ಆಮೇಲೆ ವಿಷಯ. ಪದ ಪದವಾಗಿ ಇಳಿಸಿಕೊಂಡುದಕ್ಕೆ ಅಲ್ಲಿಯೇ ಉದ್ಧರಣ ಚಿಹ್ನೆ ಹಾಕಿ. ನಿಮಗೆ ಹೊಳೆದುದನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಆರು ತಿಂಗಳ ನಂತರ ಆ ಚೀಟಿಯನ್ನು ತೆಗೆದಾಗ ಯಾವುದು ಅವರದು, ಯಾವುದು ನಿಮ್ಮದು ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ. ಅನುಮಾನ ಬಂದರೆ ಹೆಸರನ್ನು ಹೇಳಿಬಿಡಿ. ಬೇಡದ ಕಡೆ ಒಂದು ಟಿಪ್ಪಣಿ ಹೆಚ್ಚಾದರೆ ಪರೀಕ್ಷಕನಿಗೆ ಸ್ವಲ್ಪ ಬೇಸರ, ಅಷ್ಟೆ. ಬೇಕಾದ ಕಡೆ ಒಂದು ಟಿಪ್ಪಣಿ ಬಿಟ್ಟುಹೋದರೆ ಒಬ್ಬ ಮನುಷ್ಯನ ದುಡಿಮೆ ಅಳಿಸಿಹೋಗುತ್ತದೆ.

ಅಧ್ಯಾಪಕರಾದ ನನ್ನ ಕಿರಿಯ ಮಿತ್ರರಲ್ಲಿಯೂ ಒಂದು ಅರಿಕೆ. ತಾವು ಪಾಠ ಹೇಳುವಾಗ 'ವಿದ್ವಾಂಸರು ಹೇಳುತ್ತಾರೆ' ಎಂದು ತೇಲಿಸಿಬಿಡಬೇಡಿ. ಹಲ್ಮಿಡಿಯ ಶಾಸನವನ್ನು ವಿವರಿಸುವಾಗ, ಬೇಲೂರು ತಾಲ್ಲೂಕಿನ ಆ ಕಲ್ಲನ್ನು ೧೯೩೬ರಲ್ಲಿ ಬೆಳಕಿಗೆ ತಂದವರು ಎಂ. ಎಚ್. ಕೃಷ್ಣ ಅವರು ಎಂದು ಹೇಳಿ. ವಿದ್ಯಾರ್ಥಿಯ ಕ್ಷೇತ್ರಕಾರ್ಯದಿಂದ ತಮಗೆ ಒಂದು ಹೊಸ ಸಂಗತಿ ದೊರೆತಿದ್ದರೆ, ತಮ್ಮ ಲೇಖನದಲ್ಲಿ ಆ ವಿದ್ಯಾರ್ಥಿಯ ಹೆಸರನ್ನೂ ಹೇಳಿ. ಋಣ ಮೇಲಿನವರಿಗೆ ಮಾತ್ರ ಸಲ್ಲುವುದಲ್ಲ, ಕೆಳಗಿನವರಿಗೂ ಸಲ್ಲಬೇಕು. ಗುರು ಹೆಸರು ಹೇಳುವುದನ್ನು ಕಂಡ ಶಿಷ್ಯನಿಗೆ ಬೇರೆ ನಿಯಮಾವಳಿ ಬೇಕಾಗುವುದಿಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ೧೨೪೬ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಗೋಡೆಯ ವಿಗ್ರಹಗಳನ್ನು ಕಡೆದವರಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ತಮ್ಮ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಒಂದೇ ಗುಡಿ, ಒಂದೇ ಶೈಲಿ; ಆದರೂ ಯಾವ ವಿಗ್ರಹ ಯಾರ ಕೈಯದು ಎಂದು ಸುಮಾರು ಎಂಟುನೂರು ವರ್ಷಗಳ ನಂತರ ನಾವು ನೋಡಿ ತಿಳಿಯಬಹುದು. ದಂಡನಾಯಕನ ಕೀರ್ತಿ ಅದರಿಂದ ಒಂದು ಎಳ್ಳಿನಷ್ಟೂ ಕಡಮೆಯಾಗಲಿಲ್ಲ. ಸಂಶೋಧನ ಪ್ರಬಂಧವೂ ಹಾಗೆಯೇ ಹಲವರ ಕೈಯಿಂದ ಆಗುವ ಕಟ್ಟಡ. ಅದರ ಮೇಲೆ ನಿಮ್ಮ ಹೆಸರು ಇರಲಿ. ಕಲ್ಲು ಕಡೆದುಕೊಟ್ಟವರ ಹೆಸರೂ ಅವರವರ ಕಲ್ಲಿನ ಕೆಳಗೆ ಇರಲಿ.